ದೂರು ಕೊಡದೆಯೂ ಸಹಾಯ ಸಿಗುತ್ತದೆ: ಅಮೆರಿಕದ ಕ್ಯಾಂಪಸ್‌ಗೆ ಬರುವ ನಮ್ಮ ಕಡೆಯ ಮಕ್ಕಳಿಗೆ

ಅಮೆರಿಕದಲ್ಲಿ ಯೂನಿವರ್ಸಿಟಿಗೆ ಸೇರಿದ ಹೊಸತರಲ್ಲೇ ಒಂದು ಮೇಲ್ ಬರುತ್ತದೆ. ಲೈಂಗಿಕ ದೌರ್ಜನ್ಯ ತಡೆಯುವ ಬಗ್ಗೆ ಆನ್‌ಲೈನ್ ಟ್ರೇನಿಂಗ್ ಇದೆ, ಇಂಥ ತಾರೀಖಿನೊಳಗೆ ಮುಗಿಸಿ ಅಂತ. ಎಷ್ಟೋ ಕಡೆ ಅದನ್ನು ಮುಗಿಸದಿದ್ದರೆ ಮುಂದಿನ ಸೆಮಿಸ್ಟರ್‌ಗೆ ಹೆಸರು ನೋಂದಾಯಿಸಲು ಬಿಡುವುದಿಲ್ಲ. ಮನೆ ಹುಡುಕುವುದು, ಬ್ಯಾಂಕ್ ಅಕೌಂಟ್, ಸಿಮ್ ಕಾರ್ಡ್ ಅನ್ನುವ ಗಡಿಬಿಡಿಯಲ್ಲಿ ನಮ್ಮ ಮಕ್ಕಳು ಸುಮ್ನೆ ನೆಕ್ಸ್ಟ್, ನೆಕ್ಸ್ಟ್ ಒತ್ತಿ ಮುಗಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನೂ ಬಳ್ಳಾರಿಯವಳೇ. ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಓದಲು ಬರುವವರಿಗೂ, ಊರಲ್ಲಿರುವ ಅವರ ಅಪ್ಪ ಅಮ್ಮಂದಿರಿಗೂ ಇಲ್ಲಿನ ವ್ಯವಸ್ಥೆ ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಊರಲ್ಲಿ ಇಂಜಿನಿಯರಿಂಗ್ ಮುಗಿಸಿದವರಿಗೆ ಕಾಲೇಜಿನ ಆಂತರಿಕ ದೂರು ಸಮಿತಿಯ ಬೋರ್ಡ್ ನೆನಪಿರಬಹುದು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, 2015ರ ಯುಜಿಸಿ ನಿಯಮಗಳ ಪ್ರಕಾರ ಅದು ಇರಲೇಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಅಲ್ಲಿ ಲಿಖಿತ ದೂರು ಕೊಡಬೇಕು. ಇಲ್ಲಿ ಆ ಕೆಲಸ ನಡೆಯುವುದು ಮುಖ್ಯವಾಗಿ ಓದುವ ಜಾಗದಲ್ಲಿ ಲಿಂಗ ತಾರತಮ್ಯ ತಡೆಯುವ 'ಟೈಟಲ್ ನೈನ್' ಅನ್ನುವ 1972ರ ಕಾನೂನಿನಡಿ. ಫೆಡರಲ್ ಸರ್ಕಾರದ ದುಡ್ಡು ಪಡೆಯುವ ಪ್ರತಿ ಯೂನಿವರ್ಸಿಟಿಯೂ ಒಬ್ಬ ಟೈಟಲ್ ನೈನ್ ಕೋಆರ್ಡಿನೇಟರ್ ಇಟ್ಟುಕೊಳ್ಳಬೇಕು, ಅವರ ಫೋನು, ಮೇಲ್ ವೆಬ್‌ಸೈಟಿನಲ್ಲಿ ಹಾಕಿರಬೇಕು. ಹುಡುಗಿಯರಷ್ಟೇ ಅಲ್ಲ, ಹುಡುಗರೂ ಅವರ ಹತ್ತಿರ ಹೋಗಬಹುದು. ನೀವು ಯಾವ ದೇಶದವರು, ಯಾವ ವೀಸಾ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಇನ್ನೊಂದು ಕ್ಲೆರಿ ಕಾನೂನು. 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ಯೂನಿವರ್ಸಿಟಿಯಲ್ಲಿ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿಯನ್ನು ಹಾಸ್ಟೆಲ್ ಕೋಣೆಯಲ್ಲೇ ಅತ್ಯಾಚಾರ ಮಾಡಿ ಕೊಂದರು. ಕ್ಯಾಂಪಸ್‌ನಲ್ಲಿ ನಡೆಯುವ ಅಪರಾಧಗಳ ವಿಷಯ ಹೊರಗೆ ಗೊತ್ತಾಗಬೇಕು ಅಂತ ಅವಳ ಅಪ್ಪ ಅಮ್ಮ ಹೋರಾಡಿದರು. 1990ರಲ್ಲಿ ಕಾನೂನು ಬಂತು. ಈಗ ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಹಿಂದಿನ ಮೂರು ವರ್ಷಗಳ ಅಂಕಿಅಂಶ ಇರುವ ಸುರಕ್ಷತಾ ವರದಿ ಹೊರಬರಬೇಕು. ಹೊಸಬರಿಗೆಲ್ಲ ಟ್ರೇನಿಂಗ್ ಕೊಡಬೇಕು ಅನ್ನುವುದೂ ಈ ಕಾನೂನಿಗೆ 2013ರಲ್ಲಿ ಆದ ತಿದ್ದುಪಡಿಯಿಂದ ಬಂದದ್ದು. ಫೀಸು ಕಟ್ಟುವ ಮೊದಲೇ ಬಳ್ಳಾರಿಯಲ್ಲಿ ಕೂತು ಈ ವರದಿ ಓದಬಹುದು. ಆದರೆ ಸಂಖ್ಯೆ ಕಡಿಮೆ ಇದೆ ಅಂದ ಮಾತ್ರಕ್ಕೆ ಜಾಗ ಸುರಕ್ಷಿತ ಅಂದುಕೊಳ್ಳಬೇಡಿ. ಜನ ಧೈರ್ಯವಾಗಿ ಬಂದು ಹೇಳುವ ಕಡೆ ಸಂಖ್ಯೆ ಜಾಸ್ತಿ ಇರುತ್ತದೆ. ನಾನಾದರೆ ಸಂಖ್ಯೆಗಿಂತ, ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಅಂತ ವರದಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರಾ ಅಂತ ನೋಡುತ್ತೇನೆ.

ಈಗ ಮುಖ್ಯ ಮಾತು. ನಡೆದದ್ದನ್ನು ಹೇಳುವುದು ಬೇರೆ, ದೂರು ಕೊಡುವುದು ಬೇರೆ. ನಮ್ಮವರು ಎರಡೂ ಒಂದೇ ಅಂದುಕೊಂಡು ಬಾಯಿಯೇ ಬಿಡುವುದಿಲ್ಲ. ಸಿಂಧನೂರು ಕಡೆಯ ಒಬ್ಬ ಹುಡುಗಿ ನನಗೆ ಹೇಳಿದ್ದು ಇಷ್ಟೇ: "ಅಕ್ಕಾ, ಕಂಪ್ಲೇಂಟು ಗಿಂಪ್ಲೇಂಟು ಏನೂ ಬ್ಯಾಡ. ಅವನ ಮುಖ ನೋಡದಂಗ ಆದ್ರ ಸಾಕು." ಅವಳು ಕೇಳಿದ್ದು ಇಲ್ಲಿನ ನಿಯಮದಲ್ಲೇ ಇದೆ. ಕೋಆರ್ಡಿನೇಟರ್ ಜೊತೆ ಒಂದು ಸಲ ಮಾತಾಡಿದಳು. ಲ್ಯಾಬ್ ಸಮಯ ಬದಲಾಯಿತು. ಇಬ್ಬರೂ ಒಬ್ಬರಿಗೊಬ್ಬರು ಮೆಸೇಜ್ ಮಾಡಬಾರದು, ಹತ್ತಿರ ಬರಬಾರದು ಅಂತ ಲಿಖಿತ ಆದೇಶ ಬಂತು. ಎರಡು ಅಸೈನ್‌ಮೆಂಟಿಗೆ ಗಡುವು ಮುಂದೆ ಹೋಯಿತು. ಅವಳು ಯಾವ ದೂರಿಗೂ ಸಹಿ ಹಾಕಲಿಲ್ಲ. ಬೇಕಿದ್ದರೆ ಕೋಣೆ ಬದಲಿಸಿಕೊಡುತ್ತಾರೆ, ಕೌನ್ಸೆಲಿಂಗ್ ಕೊಡುತ್ತಾರೆ, ಓಡಾಡುವಾಗ ಜೊತೆಗೆ ಜನ ಕಳಿಸುತ್ತಾರೆ. ಇದಕ್ಕೆಲ್ಲ ದುಡ್ಡು ಕೇಳುವಂತಿಲ್ಲ. ತೀರಾ ಗಂಭೀರವಾದ ಪ್ರಕರಣದಲ್ಲಿ ಮಾತ್ರ, ಬೇರೆಯವರಿಗೂ ಅಪಾಯ ಇದೆ ಅನ್ನಿಸಿದರೆ, ಕೋಆರ್ಡಿನೇಟರ್ ತಾವೇ ದೂರಿಗೆ ಸಹಿ ಹಾಕಬಹುದು.

ಯಾರ ಹತ್ತಿರ ಹೇಳುತ್ತೀರಿ ಅನ್ನುವುದು ಮಾತ್ರ ಮುಖ್ಯ. ಪ್ರೊಫೆಸರ್, ಹಾಸ್ಟೆಲ್ ನೋಡಿಕೊಳ್ಳುವ ಸೀನಿಯರ್ ವಿದ್ಯಾರ್ಥಿ, ಇವರು ಬಹಳ ಯೂನಿವರ್ಸಿಟಿಗಳಲ್ಲಿ ಕೇಳಿಸಿಕೊಂಡದ್ದನ್ನು ಟೈಟಲ್ ನೈನ್ ಆಫೀಸಿಗೆ ತಿಳಿಸಲೇಬೇಕು. ಕೌನ್ಸೆಲರ್, ಹೆಲ್ತ್ ಸೆಂಟರ್ ಡಾಕ್ಟರ್, ಗುಟ್ಟು ಕಾಯುವ ಹೊಣೆ ಇರುವ ಅಡ್ವೊಕೇಟ್ (ವಕೀಲರಲ್ಲ, ನೊಂದವರ ಜೊತೆ ನಿಂತು ನೆರವಾಗುವವರು), ಇವರು ಸಾಮಾನ್ಯವಾಗಿ ತಿಳಿಸಬೇಕಿಲ್ಲ. ಬಾಯಿ ಬಿಡುವ ಮೊದಲು ಒಂದು ಪ್ರಶ್ನೆ ಕೇಳಿ: "ನಾನು ಹೇಳಿದ್ದನ್ನು ನೀವು ಬೇರೆಯವರಿಗೆ ತಿಳಿಸಲೇಬೇಕಾ?" ಇದನ್ನು ಕೇಳಿದರೆ ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ತಾವೇ ಟೀಚಿಂಗ್ ಅಸಿಸ್ಟೆಂಟ್ ಆಗಿರುತ್ತಾರೆ. ಆಗ ನಿಮ್ಮ ಕ್ಲಾಸಿನ ವಿದ್ಯಾರ್ಥಿ ಬಂದು ಏನಾದರೂ ಹೇಳಿದರೆ, ತಿಳಿಸುವ ಜವಾಬ್ದಾರಿ ನಿಮ್ಮ ಮೇಲೂ ಬರಬಹುದು.

ಅತ್ಯಾಚಾರ ನಡೆದಿದ್ದರೆ ಮೊದಲು ಆಸ್ಪತ್ರೆ. ಆ ಕ್ಷಣಕ್ಕೆ ಅಪಾಯ ಇದ್ದರೆ ತುರ್ತು ಸಹಾಯದ ಸಂಖ್ಯೆ 911. ಸ್ನಾನ ಮಾಡಿಬಿಡಬೇಕು ಅನ್ನಿಸುತ್ತದೆ, ಸಹಜ. ಆದರೂ ಪರೀಕ್ಷೆ ಆಗುವವರೆಗೆ ತಡೆದುಕೊಂಡರೆ ಸಾಕ್ಷ್ಯ ಉಳಿಯುತ್ತದೆ. ಬಟ್ಟೆ ಬದಲಿಸಿದ್ದರೆ ಹಳೆಯದನ್ನು ಒಗೆಯದೆ ಪೇಪರ್ ಚೀಲದಲ್ಲಿ ಇಡಿ, ಪ್ಲಾಸ್ಟಿಕ್ ಬೇಡ. ಇದಕ್ಕೇ ತರಬೇತಾದ ನರ್ಸ್‌ಗಳು ತುಂಬ ಆಸ್ಪತ್ರೆಗಳಲ್ಲಿ ಇರುತ್ತಾರೆ. ಅವರು ಪ್ರತಿ ಹೆಜ್ಜೆಗೂ ನಿಮ್ಮ ಒಪ್ಪಿಗೆ ಕೇಳುತ್ತಾರೆ. ಬೇಡ ಅಂದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಸಾಕ್ಷ್ಯ ತೆಗೆಯುವುದು ಎಷ್ಟೋ ರಾಜ್ಯಗಳಲ್ಲಿ 120 ಗಂಟೆಯವರೆಗೂ ಸಾಧ್ಯ. ಪೊಲೀಸರಿಗೆ ದೂರು ಕೊಡದಿದ್ದರೂ ಈ ಪರೀಕ್ಷೆ ಸಿಗುತ್ತದೆ, ಅದರ ಬಿಲ್ ನಿಮ್ಮ ಮೇಲೆ ಬೀಳಬಾರದು. ಯಾವ ಆಸ್ಪತ್ರೆ ಅಂತ ಗೊತ್ತಿಲ್ಲದಿದ್ದರೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ನೆರವಾಗುವ ರೈನ್ (RAINN) ಸಂಸ್ಥೆಯ ರಾಷ್ಟ್ರೀಯ ಸಹಾಯವಾಣಿ 800-656-4673ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತಾರೆ.

ಔಪಚಾರಿಕ ದೂರು ಕೊಟ್ಟರೆ ಏನಾಗುತ್ತದೆ? ಈಗ ನಡೆಯುತ್ತಿರುವುದು ಟೈಟಲ್ ನೈನ್ ಅಡಿಯ 2020ರ ನಿಯಮ. 2024ರಲ್ಲಿ ಹೊಸದು ತಂದಿದ್ದರು, 2025ರ ಜನವರಿಯಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು. ಇಬ್ಬರಿಗೂ ಲಿಖಿತ ನೋಟಿಸ್ ಹೋಗುತ್ತದೆ. ತನಿಖೆ ನಡೆಯುತ್ತದೆ. ಸಾಕ್ಷ್ಯ ನೋಡಿ ಉತ್ತರ ಕೊಡಲು ಇಬ್ಬರಿಗೂ ಕನಿಷ್ಠ 10 ದಿನ ಸಿಗುತ್ತದೆ. ಆಮೇಲೆ ವಿಚಾರಣೆ. ಎದುರಾಳಿ ನೇರವಾಗಿ ನಿಮ್ಮನ್ನು ಪ್ರಶ್ನೆ ಮಾಡುವಂತಿಲ್ಲ, ಅವರ ಸಲಹೆಗಾರರು ಕೇಳುತ್ತಾರೆ. ಬೇರೆ ಕೋಣೆಯಿಂದ ವಿಡಿಯೋದಲ್ಲಿ ಹಾಜರಾಗುತ್ತೇನೆ ಅಂತ ಕೇಳುವ ಹಕ್ಕಿದೆ. ನಿಮಗೆ ಸಲಹೆಗಾರರಿಲ್ಲದಿದ್ದರೆ ವಿಚಾರಣೆಗೆ ಯೂನಿವರ್ಸಿಟಿಯೇ ಉಚಿತವಾಗಿ ಒಬ್ಬರನ್ನು ಕೊಡಬೇಕು. ತೀರ್ಪು ಒಪ್ಪಿಗೆಯಾಗದಿದ್ದರೆ ಇಬ್ಬರೂ ಮೇಲ್ಮನವಿ ಹಾಕಬಹುದು. ತಿಂಗಳುಗಟ್ಟಲೆ ಹಿಡಿಯುತ್ತದೆ, ಮನಸ್ಸು ದಣಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಯೂನಿವರ್ಸಿಟಿ ಹೆಚ್ಚೆಂದರೆ ಹೊರಹಾಕಬಹುದು, ಜೈಲಿಗೆ ಕಳಿಸಲಾರದು. ಜೈಲು ಪೊಲೀಸ್, ಕೋರ್ಟಿನ ದಾರಿ. ಎರಡರಲ್ಲಿ ಒಂದು ಹಿಡಿಯಬಹುದು, ಎರಡೂ ಹಿಡಿಯಬಹುದು, ಎರಡೂ ಬೇಡ ಅನ್ನಬಹುದು.

ನಮ್ಮವರು ಹೆಚ್ಚಾಗಿ ಇರುವುದು ಕ್ಯಾಂಪಸ್ ಹೊರಗಿನ ಅಪಾರ್ಟ್‌ಮೆಂಟಿನಲ್ಲಿ, ನಾಲ್ಕೈದು ಜನ ಸೇರಿ. ಅಲ್ಲಿ ನಡೆದದ್ದಕ್ಕೆ ಟೈಟಲ್ ನೈನ್ ಅನ್ವಯಿಸದೇ ಇರಬಹುದು. ಆದರೆ ಯೂನಿವರ್ಸಿಟಿಯ ಸ್ವಂತ ನಡತೆ ನಿಯಮ ಬಹಳ ಕಡೆ ಅನ್ವಯಿಸುತ್ತದೆ. ನಮ್ಮ ಪ್ರಕರಣ ಇದಕ್ಕೆ ಬರಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ.

ವೀಸಾ ಭಯ ಎಲ್ಲರಿಗೂ ಇದೆ. ದೂರು ಕೊಟ್ಟದ್ದಕ್ಕೆ ಎಫ್-1 ಅನ್ನುವ ವಿದ್ಯಾರ್ಥಿ ವೀಸಾ ಹೋಗುವುದಿಲ್ಲ. ಹೋಗುವುದು ಬೇರೆ ಕಾರಣಕ್ಕೆ, ಅಲ್ಲೇ ನಮ್ಮ ಮಕ್ಕಳು ಎಡವುವುದು. ಕ್ಲಾಸಿಗೆ ಹೋಗಲು ಮನಸ್ಸಾಗದೆ ಕೋರ್ಸ್ ಬಿಟ್ಟುಬಿಡುತ್ತಾರೆ. ಮೊದಲೇ ಅನುಮತಿ ಪಡೆಯದೆ ಪೂರ್ಣ ಪ್ರಮಾಣದ ಕೋರ್ಸಿಗಿಂತ ಕಡಿಮೆಯಾದರೆ ವೀಸಾ ಸ್ಥಿತಿ ಕೆಡುತ್ತದೆ. ಆದ್ದರಿಂದ ಬಿಡುವ ಮೊದಲು ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ವಿದ್ಯಾರ್ಥಿ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ, ಅಂದರೆ ಡಿಎಸ್‌ಒ ಹತ್ತಿರ ಹೋಗಿ. ಡಾಕ್ಟರ್ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಪತ್ರ ಇದ್ದರೆ ಆರೋಗ್ಯದ ಕಾರಣಕ್ಕೆ ಕೋರ್ಸ್ ಕಡಿಮೆ ಮಾಡಿಕೊಳ್ಳಬಹುದು, ಒಂದು ಡಿಗ್ರಿ ಹಂತಕ್ಕೆ ಒಟ್ಟು 12 ತಿಂಗಳವರೆಗೆ. ನಡೆದದ್ದನ್ನೆಲ್ಲ ಡಿಎಸ್‌ಒಗೆ ಬಿಡಿಸಿ ಹೇಳಬೇಕಿಲ್ಲ, ಪತ್ರ ಸಾಕು.

ಊರಲ್ಲಿರುವ ಅಪ್ಪ ಅಮ್ಮಂದಿರೇ, ನೀವು ಯೂನಿವರ್ಸಿಟಿಗೆ ಫೋನ್ ಮಾಡಿ ಕೇಳಿದರೆ ಅವರು ಬಹುತೇಕ ಏನೂ ಹೇಳುವುದಿಲ್ಲ. ವಿದ್ಯಾರ್ಥಿಯ ದಾಖಲೆಗೆ 1974ರ ಫರ್ಪಾ ಕಾನೂನಿನ ಕಾವಲು ಇದೆ. ಮಗಳೋ ಮಗನೋ ಬರೆದು ಒಪ್ಪಿಗೆ ಕೊಟ್ಟರೆ ಮಾತ್ರ ಹೇಳುತ್ತಾರೆ. ಅಂದರೆ ನಿಮಗೆ ವಿಷಯ ಗೊತ್ತಾಗುವುದು ಮಕ್ಕಳ ಬಾಯಿಂದಲೇ. "ಆ ಹೊತ್ತಿನಾಗ ಅಲ್ಲಿಗೆ ಯಾಕ ಹೋಗಿದ್ದಿ?" ಅಂದರೆ ಅವರು ಎರಡನೇ ಸಲ ಫೋನ್ ಮಾಡುವುದಿಲ್ಲ. "ಊಟ ಮಾಡಿದೇನವ್ವಾ? ಈಗ ಜೊತೆಗೆ ಯಾರಿದ್ದಾರ?" ಅಂತ ಕೇಳಿ. ಕುಡಿದಿದ್ದರು ಅನ್ನುವುದು ಇಲ್ಲೂ ಮಕ್ಕಳಿಗೆ ಭಯವೇ, 21 ತುಂಬದವರಿಗಂತೂ ಜಾಸ್ತಿ. ಆದರೆ ದೌರ್ಜನ್ಯದ ಬಗ್ಗೆ ಹೇಳಲು ಬಂದವರನ್ನು ಕುಡಿದದ್ದಕ್ಕೆ ಶಿಕ್ಷಿಸದ ನಿಯಮ ಬಹಳ ಯೂನಿವರ್ಸಿಟಿಗಳಲ್ಲಿದೆ.

ಹುಡುಗರಿಗೆ ನೇರವಾಗಿ ಹೇಳುತ್ತೇನೆ. ಅವಳು ಸುಮ್ಮನಿದ್ದಳು ಅಂದರೆ ಒಪ್ಪಿದಳು ಅಂತಲ್ಲ. ಕುಡಿದು ಪ್ರಜ್ಞೆ ತಪ್ಪಿದವರು, ನಿದ್ದೆಯಲ್ಲಿರುವವರು ಒಪ್ಪಿಗೆ ಕೊಡಲಾರರು. ಕ್ಯಾಲಿಫೋರ್ನಿಯಾ 2014ರಿಂದ, ನ್ಯೂಯಾರ್ಕ್ 2015ರಿಂದ ಸ್ಪಷ್ಟ ಒಪ್ಪಿಗೆ ಬೇಕು ಅಂತ ಕ್ಯಾಂಪಸ್‌ಗಳಿಗೆ ಕಾನೂನೇ ಮಾಡಿವೆ. ಬೇಡ ಅಂದ ಮೇಲೂ ಮೆಸೇಜ್ ಕಳಿಸುವುದು, ಲೈಬ್ರರಿ ಬಾಗಿಲಲ್ಲಿ ಕಾಯುವುದು ಪ್ರೀತಿಯ ಲಕ್ಷಣ ಅಲ್ಲ. ಅವಳಿಗೆ ಭಯವಾಗುವಂಥ ನಡವಳಿಕೆ ಎರಡು ಸಲ ನಡೆದರೂ ಇಲ್ಲಿ ಅದು ಬೆನ್ನುಹತ್ತುವ ಅಪರಾಧ ಆಗಬಹುದು. ನಿಮ್ಮ ಮೇಲೆ ದೂರು ಬಂದರೆ ಅವಳಿಗೂ, ಅವಳ ಗೆಳತಿಯರಿಗೂ ಒಂದು ಮೆಸೇಜೂ ಕಳಿಸಬೇಡಿ. "ವಾಪಸ್ ತಗೋ" ಅಂತ ಊರಿನವರಿಂದ ಹೇಳಿಸುವುದು ಇನ್ನೊಂದು ತಪ್ಪಾಗುತ್ತದೆ. ನೋಟಿಸ್ ಪೂರ್ತಿ ಓದಿ, ಸಲಹೆಗಾರರನ್ನು ಹಿಡಿಯಿರಿ. ತೀರ್ಮಾನ ಆಗುವವರೆಗೆ ನಿಮ್ಮನ್ನು ತಪ್ಪಿತಸ್ಥ ಅಂತ ನೋಡುವಂತಿಲ್ಲ. ತಪ್ಪು ಸಾಬೀತಾಗಿ ಹೊರಹಾಕಿದರೆ ವೀಸಾ ಸ್ಥಿತಿಯೂ ಅದರ ಜೊತೆಗೇ ಹೋಗುತ್ತದೆ.

ಯೂನಿವರ್ಸಿಟಿಯೇ ಸರಿಯಾಗಿ ಸ್ಪಂದಿಸದಿದ್ದರೆ ಫೆಡರಲ್ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ 180 ದಿನದೊಳಗೆ ಬರೆಯಬಹುದು. 2025ರಲ್ಲಿ ಅಲ್ಲಿನ ಸಿಬ್ಬಂದಿಯನ್ನು ತುಂಬಾ ಕಡಿಮೆ ಮಾಡಿದ್ದರು, ಹಾಗಾಗಿ ಅದೊಂದನ್ನೇ ನಂಬಿ ಕೂರಬೇಡಿ. ಎಷ್ಟೋ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿಗಳಿಗಾಗಿಯೇ ಉಚಿತ ಅಥವಾ ಕಡಿಮೆ ಫೀಸಿನ ಲಾಯರ್ ಸೇವೆ ಇರುತ್ತದೆ. ಯಾರ ಜೊತೆ ಯಾವ ದಿನ ಮಾತಾಡಿದಿರಿ ಅಂತ ಬರೆದಿಡಿ. ಮೇಲ್‌ಗಳನ್ನು ಅಳಿಸದೆ ನಿಮ್ಮ ಸ್ವಂತ ಅಕೌಂಟಿಗೂ ಒಂದು ಪ್ರತಿ ಕಳಿಸಿಟ್ಟು, ಅವನ್ನು ತೆಗೆದುಕೊಂಡು ಲಾಯರ್ ಹತ್ತಿರ ಹೋಗಿ.