ಮುಂಬಯಿಗೆ ಬಂದವರೇ, ಮೆಡಿಕ್ಲೇಮನ್ನು ಮುಂದೂಡಬೇಡಿ

ಬಾಡಿಗೆ ಮನೆಯ ಕರಾರು ನೋಂದಣಿಯಾದ ವಾರದಲ್ಲೇ ಮೆಡಿಕ್ಲೇಮಿನ, ಅಂದರೆ ಆರೋಗ್ಯ ವಿಮೆಯ, ಅರ್ಜಿಯನ್ನೂ ತುಂಬಿ. ಡೊಂಬಿವಲಿಯಲ್ಲಿ ಇಪ್ಪತ್ತೆರಡು ವರ್ಷ ಕಳೆದ ನಾನು ಊರಿನಿಂದ ಬರುವವರಿಗೆಲ್ಲ ಮೊದಲು ಹೇಳುವ ಮಾತು ಇದು. ಗ್ಯಾಸ್, ಮಕ್ಕಳ ಶಾಲೆ, ರೈಲಿನ ಪಾಸು ಎಂದು ಎಲ್ಲದಕ್ಕೂ ಓಡಾಡುತ್ತಾರೆ. ಇದನ್ನು ಮಾತ್ರ ‘ಕಂಪನಿಯವರು ಕಾರ್ಡ್ ಕೊಟ್ಟಿದ್ದಾರಲ್ಲ’ ಎಂದು ಬದಿಗಿಡುತ್ತಾರೆ.

ಕೆಲಸ ಕೊಟ್ಟ ಕಂಪನಿಯ ವಿಮಾ ಕಾರ್ಡ್ ಒಳ್ಳೆಯದೇ, ಇರಲಿ. ಅದರಲ್ಲಿ ಸಾಮಾನ್ಯವಾಗಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಸಿಗುತ್ತದೆ. ಆದರೆ ಕೆಲಸ ಬಿಟ್ಟ ದಿನ ಕಾರ್ಡೂ ಹೋಗುತ್ತದೆ. ಆಗ ನಲವತ್ತೈದರ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆಯನ್ನು ಜೊತೆಗಿಟ್ಟುಕೊಂಡು, ಹೊಸ ಪಾಲಿಸಿಗೆ ಅಲೆಯಬೇಕು. ಅದಕ್ಕೇ ಚಿಕ್ಕ ಮೊತ್ತದ್ದಾದರೂ ಸ್ವಂತದ್ದೊಂದು ಇರಬೇಕು. ಹಳೆಯ ಕಾಯಿಲೆಗೆ ಹಣ ಸಿಗುವ ಮೊದಲು ಕಾಯಬೇಕಾದ ಅವಧಿಗಳು ಅದರಲ್ಲಿ ಸದ್ದಿಲ್ಲದೆ ಮುಗಿಯುತ್ತಾ ಇರುತ್ತವೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳ ಮೇಲಿದ್ದ ಶೇಕಡಾ 18ರ ಜಿಎಸ್‌ಟಿಯೂ ಇಲ್ಲ.

ಹೋಟೆಲು, ಅಂಗಡಿ, ಕಾರ್ಖಾನೆಗಳಲ್ಲಿ ಕೆಲಸಕ್ಕೆ ಬಂದ ಹುಡುಗರಿಗೆ ಬೇರೆ ಮಾತು. ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದರೆ ನೌಕರರ ಸರ್ಕಾರಿ ವಿಮೆಯಾದ ಇಎಸ್‌ಐ ಇದೆಯೇ ಎಂದು ಮಾಲೀಕರನ್ನು ಕೇಳಿ. ನಿಮ್ಮ ಸಂಬಳದಿಂದ ಹೋಗುವುದು ಶೇಕಡಾ 0.75 ಮಾತ್ರ, ಮಾಲೀಕರ ಪಾಲು 3.25. ಮುಲುಂಡ್, ಕಾಂದಿವಲಿಗಳಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಇನ್ನು ಊರಿನ ರೇಷನ್ ಕಾರ್ಡಿನ ಮೇಲೆ ಸಿಗುವ ಚಿಕಿತ್ಸೆಯ ಸೌಲಭ್ಯ ಇಲ್ಲಿನ ಆಸ್ಪತ್ರೆಯ ಕೌಂಟರಿನಲ್ಲೂ ನಡೆಯುತ್ತದೆ ಎಂದು ಊಹಿಸಿಕೊಂಡು ರೈಲು ಹತ್ತಬೇಡಿ. ಮೊದಲೇ ಫೋನ್ ಮಾಡಿ ವಿಚಾರಿಸಿ.

ಈಗ ವಿಳಾಸದ ವಿಷಯ. ಇದರಲ್ಲಿ ನಮ್ಮವರು ಬಹಳ ಎಡವುತ್ತಾರೆ. ಕುಂದಾಪುರದಲ್ಲೋ ಹುಬ್ಬಳ್ಳಿಯಲ್ಲೋ ಇದ್ದಾಗ ಮಾಡಿಸಿದ ಪಾಲಿಸಿಯನ್ನು ವರ್ಷವರ್ಷವೂ ನವೀಕರಿಸುತ್ತಾ ಬಂದಿರುತ್ತಾರೆ. ಕೆಲವು ವಿಮಾ ಕಂಪನಿಗಳು ದೇಶವನ್ನು ವಲಯಗಳಾಗಿ ಹಂಚಿ ಪ್ರೀಮಿಯಂ ನಿಗದಿ ಮಾಡುತ್ತವೆ. ಮುಂಬಯಿ ಸಾಮಾನ್ಯವಾಗಿ ದುಬಾರಿ ವಲಯದಲ್ಲಿರುತ್ತದೆ. ಅಗ್ಗದ ವಲಯದ ಪಾಲಿಸಿ ಹಿಡಿದು ಇಲ್ಲಿ ದಾಖಲಾದರೆ ಬಿಲ್ಲಿನ ಒಂದು ಪಾಲನ್ನು ನಿಮ್ಮ ಕೈಯಿಂದಲೇ ಕಟ್ಟಿಸಿಕೊಳ್ಳುವ ಷರತ್ತು ಅಂಥ ಪಾಲಿಸಿಗಳಲ್ಲಿ ಇರಬಹುದು. ವಿಳಾಸ ಬದಲಾಯಿಸಲು ಪಾಲಿಸಿ ಬಿಡಬೇಕಾಗಿಲ್ಲ, ಒಂದು ಅರ್ಜಿ ಕೊಟ್ಟರೆ ಆಯಿತು. ಊರಿನಲ್ಲಿರುವ ಅಪ್ಪ ಅಮ್ಮನ ಪಾಲಿಸಿಯನ್ನೂ ತೆಗೆದು ನೋಡಿ. ದೊಡ್ಡ ಕಾಯಿಲೆ ಬಂದಾಗ ನೀವು ಅವರನ್ನು ಇಲ್ಲಿಗೇ ಕರೆತರುತ್ತೀರಿ.

ಕೋಣೆಯ ಬಾಡಿಗೆಯ ಮಿತಿಯನ್ನು ನಾನು ಕಲಿತದ್ದು ತಂದೆಯವರ ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ. ಮೂರು ಲಕ್ಷದ ಪಾಲಿಸಿ. ದಿನದ ಕೋಣೆ ಬಾಡಿಗೆ ವಿಮಾ ಮೊತ್ತದ ಶೇಕಡಾ ಒಂದು ಮೀರಬಾರದು ಎಂಬ ಸಾಲು ಅದರಲ್ಲಿತ್ತು. ಅಂದರೆ ಮೂರು ಸಾವಿರ. ಅಪ್ಪನಿಗೆ ನೆಮ್ಮದಿಯಿರಲಿ ಎಂದು ಆರು ಸಾವಿರದ ಕೋಣೆ ತೆಗೆದುಕೊಂಡೆವು. ನಾಲ್ಕು ದಿನಕ್ಕೆ ಹನ್ನೆರಡು ಸಾವಿರ ಹೆಚ್ಚು ಕಟ್ಟಿದರಾಯಿತು ಎಂಬ ಲೆಕ್ಕ ನನ್ನದು. ಬಿಡುಗಡೆಯ ಸಂಜೆ ಟಿಪಿಎ ಮೇಜಿನ (ಆಸ್ಪತ್ರೆಯಲ್ಲಿ ವಿಮೆಯ ಕ್ಲೇಮ್ ನೋಡಿಕೊಳ್ಳುವ ಮೇಜು) ಹುಡುಗಿ ಬಿಲ್ಲನ್ನು ನನ್ನತ್ತ ತಿರುಗಿಸಿ, ಪೆನ್ನಿನ ತುದಿಯಿಂದ ಒಂದೊಂದೇ ಸಾಲು ತೋರಿಸಿದಳು. ಸರ್ಜನ್ ಶುಲ್ಕ ಅರ್ಧ, ಶಸ್ತ್ರಚಿಕಿತ್ಸಾ ಕೊಠಡಿ ಅರ್ಧ, ಅರಿವಳಿಕೆ ಅರ್ಧ, ನರ್ಸಿಂಗ್ ಅರ್ಧ. ಅರ್ಹತೆಯ ಎರಡು ಪಟ್ಟು ಬಾಡಿಗೆಯ ಕೋಣೆ ತೆಗೆದುಕೊಂಡದ್ದರಿಂದ ಇವೆಲ್ಲ ಅದೇ ಪ್ರಮಾಣದಲ್ಲಿ ಕಡಿತ. 1,20,000 ರೂಪಾಯಿಯ ಬಾಬತ್ತಿಗೆ ಸಿಕ್ಕಿದ್ದು 60,000. ಔಷಧಿ ಮತ್ತು ಪರೀಕ್ಷೆಗಳಿಗೆ ಈ ಕಡಿತ ಇರಲಿಲ್ಲ. ಕೈಗವಸಿನಂಥ ಸಣ್ಣಪುಟ್ಟ ಸಾಮಗ್ರಿಗಳ ದುಡ್ಡು ಬರಲೇ ಇಲ್ಲ. ಕೋಣೆಯ ವ್ಯತ್ಯಾಸವೂ ಸೇರಿ ಎಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಹೊಂದಿಸಲು ಆ ರಾತ್ರಿ ಮೂವರು ಗೆಳೆಯರಿಗೆ ಫೋನ್ ಮಾಡಿದೆ. ಅಪ್ಪ ಚಪ್ಪಲಿ ಹಾಕಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು, ಹನ್ನೊಂದರವರೆಗೆ ಮಂಚದ ಅಂಚಿನಲ್ಲೇ ಕುಳಿತಿದ್ದರು.

ಆದ್ದರಿಂದ ಕೋಣೆಗೆ ಮಿತಿಯಿಲ್ಲದ ಪಾಲಿಸಿಯನ್ನೇ ಹುಡುಕಿ, ಇಲ್ಲವಾದರೆ ಒಬ್ಬರೇ ಇರುವ ಖಾಸಗಿ ಕೋಣೆಗೆ ಒಪ್ಪಿಗೆಯಿರುವುದನ್ನು. ಈ ನಗರದಲ್ಲಿ ಮೂರು ಲಕ್ಷ ಸಾಲದು. ಕುಟುಂಬಕ್ಕೆ ಹತ್ತು ಲಕ್ಷವಾದರೂ ಇರಲಿ ಎಂಬುದು ನನ್ನ ಅಭಿಪ್ರಾಯ. ಅಷ್ಟು ಪ್ರೀಮಿಯಂ ಭಾರವೆನಿಸಿದರೆ ಐದು ಲಕ್ಷದ್ದನ್ನು ಮಾಡಿಸಿ, ಅದರ ಮೇಲೆ, ಬಿಲ್ಲು ಅದನ್ನು ಮೀರಿದಾಗ ಹಣ ಕೊಡುವ ಟಾಪ್‌ಅಪ್ ಹಾಕಿಸಿ.

ಅರ್ಜಿಯಲ್ಲಿ ಸುಳ್ಳು ಬರೆಯಬೇಡಿ. ‘ಬಿಪಿ ಮಾತ್ರೆಯ ವಿಷಯ ಯಾಕೆ ಬರೆಯುತ್ತೀರಿ, ಸುಮ್ಮನೆ ಪರೀಕ್ಷೆಗೆ ಕರೆಯುತ್ತಾರೆ’ ಎನ್ನುವ ಏಜೆಂಟರು ನನಗೂ ಸಿಕ್ಕಿದ್ದಾರೆ. ಕ್ಲೇಮ್ ತಿರಸ್ಕೃತವಾದ ದಿನ ಅವರು ಫೋನ್ ಎತ್ತುವುದಿಲ್ಲ. ನಿಜ ಹೇಳಿದರೆ ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕು, ಅಷ್ಟೇ. 2024ರ ಏಪ್ರಿಲ್‌ಗೆ ಮೊದಲು ಅದು ನಾಲ್ಕು ವರ್ಷವಿತ್ತು. ಅಪಘಾತ ಬಿಟ್ಟು ಉಳಿದ ಯಾವ ಕಾಯಿಲೆಗೂ ಮೊದಲ ಮೂವತ್ತು ದಿನ ಹಣ ಬರುವುದಿಲ್ಲ. ಪಾಲಿಸಿಯ ಜೊತೆ ಗ್ರಾಹಕ ಮಾಹಿತಿ ಪತ್ರ ಎಂಬ ಕೆಲವೇ ಪುಟಗಳ ಕಾಗದ ಬರುತ್ತದೆ. ಕಾಯುವ ಅವಧಿ, ನಿಮ್ಮ ಪಾಲು, ಮಿತಿಗಳು ಎಲ್ಲವೂ ಅದರಲ್ಲಿರುತ್ತವೆ. ಅದನ್ನು ಓದಿ, ಹಿಡಿಸದಿದ್ದರೆ ಮೂವತ್ತು ದಿನದೊಳಗೆ ಪಾಲಿಸಿ ಮರಳಿಸಬಹುದು. ಈಗಿರುವ ಕಂಪನಿ ಬೇಡವಾದರೆ ನವೀಕರಣಕ್ಕೆ ಕನಿಷ್ಠ 45 ದಿನ ಮೊದಲು ಪೋರ್ಟ್ ಮಾಡಲು, ಅಂದರೆ ಪಾಲಿಸಿಯನ್ನು ಬೇರೆ ಕಂಪನಿಗೆ ಸಾಗಿಸಲು, ಅರ್ಜಿ ಹಾಕಿ; ಈವರೆಗೆ ಕಾದ ವರ್ಷಗಳು ವ್ಯರ್ಥವಾಗುವುದಿಲ್ಲ.

ನೆಟ್‌ವರ್ಕ್ ಆಸ್ಪತ್ರೆಗಳ (ವಿಮಾ ಕಂಪನಿಯ ಜೊತೆ ಒಪ್ಪಂದವಿರುವವು) ಪಟ್ಟಿಯಲ್ಲಿ ದಕ್ಷಿಣ ಮುಂಬಯಿಯ ದೊಡ್ಡ ಹೆಸರುಗಳನ್ನು ಕಂಡು ಖುಷಿಪಡಬೇಡಿ. ಕಲ್ಯಾಣ, ವಸಾಯಿ, ಪನ್ವೇಲ್ ಕಡೆ ಮನೆಯಿದ್ದರೆ ಮಳೆಗಾಲದಲ್ಲಿ ಹಳಿಯ ಮೇಲೆ ನೀರು ನಿಂತ ರಾತ್ರಿ ಅಲ್ಲಿಗೆ ತಲುಪಲಾಗದು. ಮನೆಯಿಂದ ರಿಕ್ಷಾದಲ್ಲಿ ಹೋಗಬಹುದಾದ ಎರಡು ಆಸ್ಪತ್ರೆ ಪಟ್ಟಿಯಲ್ಲಿವೆಯೇ ನೋಡಿ. ಒಂದು ಭಾನುವಾರ ಅಲ್ಲಿಗೇ ಹೋಗಿ ಟಿಪಿಎ ಮೇಜಿನಲ್ಲಿ ಕಾರ್ಡ್ ತೋರಿಸಿ ಕೇಳಿ.

2024ರ ನಿಯಮದಂತೆ ನಗದುರಹಿತ ಚಿಕಿತ್ಸೆಯ (ಬಿಲ್ಲನ್ನು ಕಂಪನಿಯೇ ಆಸ್ಪತ್ರೆಗೆ ಕಟ್ಟುವುದು) ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಬಿಲ್ಲಿಗೆ ಮೂರು ಗಂಟೆಯೊಳಗೆ ಕಂಪನಿ ತೀರ್ಮಾನ ತಿಳಿಸಬೇಕು. ತಡವಾದರೆ ಗಂಟೆ ಬರೆದಿಟ್ಟುಕೊಂಡು ಕಂಪನಿಗೆ ಲಿಖಿತ ದೂರು ಕೊಡಿ. ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ಗ್ರಾಹಕರ ದೂರುಗಳನ್ನು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಮುಂಬಯಿಯ ಕಚೇರಿ ಸಾಂತಾಕ್ರೂಜ್ ಪಶ್ಚಿಮದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ದೂರಿನ ಪ್ರತಿ, ಬಿಲ್ಲು, ಬಿಡುಗಡೆಯ ಕಾಗದ, ತಿರಸ್ಕಾರದ ಪತ್ರ ಇವಿಷ್ಟನ್ನು ಒಂದೇ ಕಡತದಲ್ಲಿಡಿ. ಆ ಕಡತ ಎಲ್ಲಿದೆ ಎಂಬುದು ಹೆಂಡತಿಗೂ, ಎದುರು ಮನೆಯವರಿಗೂ ಗೊತ್ತಿರಲಿ.