ಬೋರ್ ಎಂಬ ಊರಿನಲ್ಲಿ ಬೋರಿಂಗ್ ರಿಪೇರಿ

ದಕ್ಷಿಣ ಸುಡಾನಿಗೆ ಹೊರಟಿದ್ದೇನೆ ಎಂದಾಗ ಅವ್ವ ಕೇಳಿದ್ದು ಇಷ್ಟೇ: "ನಮ್ಮೂರಾಗ ಎಂಟು ದಿನಕ್ಕೊಮ್ಮೆ ನೀರು ಬರ್ತಾವ. ಇದನ್ನ ಬಿಟ್ಟು ನೀ ಅಲ್ಲಿ ಹೋಗಿ ಮಂದಿಗೆ ನೀರು ಕುಡಸ್ತಿ ಏನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾತು ತಿರುಗಿಸಲು, ಹೋಗುವ ಊರಿನ ಹೆಸರು ಬೋರ್ ಅಂದೆ. ನಕ್ಕುಬಿಟ್ಟಳು. "ಬೋರಿಂಗ್ ರಿಪೇರಿ ಮಾಡಾಂವಗ ಅದ ಊರು ಸಿಗಬೇಕು ನೋಡು."

ನಾನು ಗದಗ ಕಡೆಯವನು. ಹುಬ್ಬಳ್ಳಿಯಲ್ಲಿ ಸಿವಿಲ್ ಬಿ.ಇ. ಓದಿ, ಗ್ರಾಮೀಣ ಕುಡಿಯುವ ನೀರಿನ ಕೆಲಸದಲ್ಲಿ ಗುತ್ತಿಗೆ ಮೇಲೆ ಐದು ವರ್ಷ ಇದ್ದೆ. ಸಂಬಳ ಎರಡು ಮೂರು ತಿಂಗಳಿಗೊಮ್ಮೆ, ಕೆಲಸ ಮಾತ್ರ ದಿನಾ. ಕೆಟ್ಟ ಕೈಪಂಪುಗಳ ಪಟ್ಟಿ ಹಿಡಿದು ಮೆಕ್ಯಾನಿಕ್ ಜೊತೆ ಹೋಗುವುದು, ಪೈಪು ಎತ್ತಿಸುವುದು, ವಾಷರ್ ಬದಲಿಸುವುದು. ಇದಕ್ಕೂ ಹೊರಗೆ ಬೆಲೆ ಇದೆ ಅಂತ ಆಗ ಗೊತ್ತಿರಲಿಲ್ಲ.

ವಿದೇಶದಲ್ಲಿ ಸೇವೆಯ ಕೆಲಸ ಮಾಡುವ ಆಸೆ ಇತ್ತು. ಬೆಂಗಳೂರಿನ ಒಂದು ಕೋಚಿಂಗ್‌ಗೆ ದುಡ್ಡು ಕಟ್ಟಿದೆ. ಅವರು ಬರೆದುಕೊಟ್ಟ ಬಯೋಡೇಟಾದಲ್ಲಿ ಬಡವರ ಸೇವೆಯ ತುಡಿತ, ನಾಯಕತ್ವದ ಗುಣ, ಎಲ್ಲ ಇತ್ತು. ಕೈಪಂಪು ಎಂಬ ಪದವೇ ಇರಲಿಲ್ಲ. ಹನ್ನೊಂದು ಅರ್ಜಿ ಹಾಕಿದೆ, ಒಂದಕ್ಕೂ ಉತ್ತರ ಬರಲಿಲ್ಲ. ಒಂದು ರಾತ್ರಿ ಸಿಟ್ಟಿನಲ್ಲಿ ಅದನ್ನೆಲ್ಲ ಅಳಿಸಿ, ಮಾಡಿದ್ದನ್ನಷ್ಟೇ ಬರೆದೆ. ಎಷ್ಟು ಹಳ್ಳಿ, ಎಷ್ಟು ಪಂಪು, ಬೋರ್‌ವೆಲ್ ಎಷ್ಟು ಆಳ, ಫ್ಲೋರೈಡ್ ಜಾಸ್ತಿ ಬಂದಲ್ಲಿ ಏನು ಮಾಡಿದೆವು.

ಆ ಕಾಗದವನ್ನು ಕಳಿಸಿದ್ದು ಯುಎನ್ ವಾಲಂಟಿಯರ್ಸ್‌ಗೆ, ಅಂದರೆ ವಿಶ್ವಸಂಸ್ಥೆಯ ಸ್ವಯಂಸೇವಕರ ವಿಭಾಗಕ್ಕೆ. 1970ರಿಂದ ಇರುವ ವ್ಯವಸ್ಥೆ, ಮುಖ್ಯ ಕಚೇರಿ ಜರ್ಮನಿಯ ಬಾನ್‌ನಲ್ಲಿ. ಹೆಸರು ಕೇಳಿ ಬಿಟ್ಟಿ ಚಾಕರಿ ಅಂದುಕೊಳ್ಳಬೇಡಿ. ಸಂಬಳ ಅನ್ನುವುದಿಲ್ಲ, ಜೀವನ ಭತ್ಯೆ ಅನ್ನುತ್ತಾರೆ. ಓಡಾಟದ ಖರ್ಚು, ವಿಮೆ ಅವರದೇ. ಮನೆ ಕಟ್ಟಿಸುವಷ್ಟು ಉಳಿಯಲ್ಲ, ಅವ್ವನಿಗೆ ಕಳಿಸುವಷ್ಟು ಉಳಿಯುತ್ತದೆ. ಯುಎನ್‌ನ ಅಂತರರಾಷ್ಟ್ರೀಯ ಹುದ್ದೆಗಳಿಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಬರೀ ಬಿ.ಇ. ಇದ್ದ ನನಗೆ ತೆರೆದ ಬಾಗಿಲು ಇದು.

ಸಂದರ್ಶನ ಸ್ಕೈಪ್‌ನಲ್ಲಿ ನಡೆಯಿತು. ಗೆಳೆಯನ ಸೈಬರ್ ಅಂಗಡಿಯ ಶಟರ್ ಎಳೆದುಕೊಂಡು ಒಳಗೆ ಕೂತಿದ್ದೆ. ಆ ಕಡೆ ಇದ್ದ ಹೆಂಗಸು ಕೇಳಿದ ಮೊದಲ ಪ್ರಶ್ನೆ: ಇಂಡಿಯಾ ಮಾರ್ಕ್ 2 ಪಂಪು, ಬಹಳ ಹೊತ್ತು ಹೊಡೆದ ಮೇಲಷ್ಟೇ ನೀರು ಬರುತ್ತಿದೆ, ಏನು ನೋಡುತ್ತೀರಿ? ನನಗೆ ನಗು ಬಂತು. ಯುನಿಸೆಫ್ ಮತ್ತು ಭಾರತ ಸರ್ಕಾರ 1970ರ ದಶಕದಲ್ಲಿ ಸೇರಿ ರೂಪಿಸಿದ ಪಂಪು ಅದು. ನಮ್ಮೂರ ಶಾಲೆಯ ಮುಂದೆ ಇದ್ದದ್ದೂ ಅದೇ. ನೀರು ಬರುವ ತನಕ ಹೊಡೆದು ಅರ್ಧ ಗಂಟೆ ಸುಮ್ನೆ ಬಿಡಬೇಕು. ಮತ್ತೆ ಹೊಡೆದಾಗ ಐದು ಸಲದೊಳಗೆ ನೀರು ಬಂದರೆ ಸರಿ. ಬರದಿದ್ದರೆ ತಳದ ವಾಲ್ವ್ ಸೋರುತ್ತಿದೆ, ಇಲ್ಲವೇ ಪೈಪಿನ ಜಾಯಿಂಟ್ ಬಿಟ್ಟಿದೆ. ನಮ್ಮ ಮೆಕ್ಯಾನಿಕ್ ದಿನಾ ಹೇಳುತ್ತಿದ್ದ ಪಾಠವನ್ನು ಹರಕು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ನಾಯಕತ್ವದ ಬಗ್ಗೆ ಆಕೆ ಕೇಳಲೇ ಇಲ್ಲ.

ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡೆ. ಹೊರಡುವ ಹತ್ತು ದಿನ ಮೊದಲಾದರೂ ಆಗಿರಬೇಕು, ಮರೆಯಬೇಡಿ. ರಾಜಧಾನಿ ಜುಬಾದಿಂದ ಬೋರ್‌ಗೆ ಚಿಕ್ಕ ವಿಮಾನ. ಇಳಿದು ನೆಲ ನೋಡಿದರೆ ಎರೆ ಮಣ್ಣು! ಮಳೆ ಬಿದ್ದರೆ ಚಪ್ಪಲಿಗೆ ಸೇರುಗಟ್ಟಲೆ ಅಂಟುವ ನಮ್ಮದೇ ಎರೆ. ಊಟಕ್ಕೂ ಜೋಳವೇ. ಹಿಟ್ಟನ್ನು ಹುಳಿ ಬರಿಸಿ ತೆಳ್ಳಗೆ ಹುಯ್ಯುವ ಕಿಸ್ರಾ. ರೊಟ್ಟಿಗಿಂತ ದೋಸೆಗೆ ಹತ್ತಿರ.

ತುರ್ತು ಪರಿಸ್ಥಿತಿಯಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಒಂದು ಕೈಪಂಪಿಗೆ ಹೆಚ್ಚೆಂದರೆ 500 ಜನ ಅಂತ ಪರಿಹಾರ ಕೆಲಸದವರೆಲ್ಲ ಅಳತೆಗೋಲಾಗಿ ಇಟ್ಟುಕೊಳ್ಳುವ ಸ್ಫಿಯರ್ ಕೈಪಿಡಿ ಹೇಳುತ್ತದೆ. ನಾನು ನೋಡಿದ ಮೊದಲ ಪಂಪಿನ ಮುಂದೆ ಜನ ಇರಲಿಲ್ಲ. ಹಳದಿ ಜೆರಿಕ್ಯಾನ್‌ಗಳು ಸಾಲಾಗಿ ಕೂತಿದ್ದವು. ಹಿಡಿಕೆಗೆ ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಸೀರೆಯಂಥ ಬಟ್ಟೆಯ ಚೂರು, ಗುರುತಿಗೆ. ಹೆಂಗಸರು ಮರದ ಕೆಳಗೆ ಕೂತಿದ್ದರು. ನಮ್ಮೂರಿನ ಕೊಡದ ಪಾಳಿ ಬೇರೆ ಬಣ್ಣದಲ್ಲಿ, ಅಷ್ಟೇ.

ಅಲ್ಲೇ ನಾನು ಮಾನ ಕಳೆದುಕೊಂಡದ್ದು. ಅಲ್ಲಿನ ಮೆಕ್ಯಾನಿಕ್ ಐವತ್ತು ದಾಟಿದವರು. ನಾನೇ ಮಾಡಿ ತೋರಿಸುತ್ತೇನೆ ಅಂತ ಮುಂದೆ ಹೋದೆ. ಪೈಪು ಎತ್ತುವಾಗ ಕ್ಲಾಂಪ್ ಬಿಗಿಯಾಗಿದೆಯಾ ಅಂತ ಮುಟ್ಟಿ ನೋಡಲಿಲ್ಲ. ಸರ್ರನೆ ಜಾರಿ ಇಡೀ ಪೈಪಿನ ಸಾಲು ಬೋರಿನೊಳಗೆ ಹೋಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಅವರು ಬೈಯಲಿಲ್ಲ. ಸೈಕಲ್ ಹತ್ತಿ ಹೋಗಿ ಕೊಕ್ಕೆ ತಂದರು. ಮೇಲೆತ್ತಲು ಎರಡು ದಿನ ಹಿಡಿಯಿತು. ಆ ಎರಡೂ ದಿನ ಹೆಂಗಸರು ನೀರಿಗೆ ನೈಲ್ ನದಿಯ ತನಕ ನಡೆದರು.

ಅವರಿಗೆ ಪಂಪು ನನಗಿಂತ ಚೆನ್ನಾಗಿ ಗೊತ್ತು. ಆದರೂ ಕೈಗೆ ಬರುವ ಹಣ ನನಗೇ ಜಾಸ್ತಿ. ಈ ದಾರಿ ಹಿಡಿಯುವವರು ಈ ಮುಜುಗರಕ್ಕೆ ತಯಾರಿರಬೇಕು. ಅವರಿಗೆ ಬೇಕಿದ್ದದ್ದು ನನ್ನ ಪಾಠ ಅಲ್ಲ, ಬಿಡಿಭಾಗ. ಆಮೇಲೆ ನಾನು ಪಾನಾ ಮುಟ್ಟಿದ್ದು ಕಡಿಮೆ. ಮಳೆಗಾಲದಲ್ಲಿ ದಾರಿ ಮುಚ್ಚುವ ಮೊದಲು ವಾಷರ್, ರಾಡ್, ಪೈಪು ಬೋರ್ ಊರಿಗೆ ತಲುಪಿರಬೇಕು ಅಂತ ಕಾಗದದ ಹಿಂದೆ ಬಿದ್ದೆ. ಬೇಸರದ ಕೆಲಸವೇ. ಲ್ಯಾಪ್‌ಟಾಪ್, ಮೀಟಿಂಗು, ವರದಿ. 2020ರ ನೆರೆಯಲ್ಲಿ ಊರಿಗೆ ನೀರು ನುಗ್ಗಿ ಪಂಪುಗಳು ಮುಳುಗಿದಾಗ, ಗೋದಾಮಿನಲ್ಲಿ ನೀರು ಶುದ್ಧ ಮಾಡುವ ಕ್ಲೋರಿನ್ ಇತ್ತು ಅನ್ನುವುದೊಂದೇ ನನ್ನ ಸಮಾಧಾನ.

ಒಪ್ಪಂದ ಕಾಲಕಾಲಕ್ಕೆ ನವೀಕರಣ ಆಗಬೇಕು. ಹೆಣ್ಣು ಕೊಡುವವರು ಖಾಯಂ ಕೆಲಸವಾ ಅಂತ ಕೇಳುತ್ತಾರೆ, ಅಲ್ಲ ಅಂತಲೇ ಹೇಳಬೇಕು. ಎರಡು ಸಂಬಂಧ ಹೀಗೇ ತಪ್ಪಿದವು.

ರಜೆ ಮುಗಿಸಿ ಹೋಗುವಾಗ ಒಮ್ಮೆ ಬ್ಯಾಗಿನಲ್ಲಿ ಐವತ್ತು ಕಪ್ ವಾಷರ್ ಇಟ್ಟುಕೊಂಡಿದ್ದೆ. ಪಕ್ಕದಲ್ಲಿ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ. ವಿಮಾನ ನಿಲ್ದಾಣದಲ್ಲಿ ಬ್ಯಾಗು ತೆರೆಸಿದರು. ವಾಷರ್ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಚಟ್ನಿಯನ್ನು ಮಾತ್ರ ಮೂವರು ಮೂಸಿ ನೋಡಿದರು.