ಕಾಣದ ಹಿಡಿಕೆ ಬರೆದರೆ ರಬ್ಬರ್ ಎತ್ತಬೇಡಿ

ನಾಳೆ ಚಿತ್ರಕಲೆ ಕ್ಲಾಸಿಗೆ ಹೂವಿನ ಚಿತ್ರ ಇರುವ ಒಂದು ಚಹಾ ಕಪ್ ಒಯ್ಯಿರಿ. ಹಿಡಿಕೆ ಹಿಂದೆ ಇರಲಿ, ಹೂವು ಮಕ್ಕಳಿಗೆ ಕಾಣಲಿ. "ಕಂಡ ಹಾಗೆ ಬರೆಯಿರಿ" ಅನ್ನಿ, ಅಷ್ಟೇ. 1972ರಲ್ಲಿ ಫ್ರೀಮನ್ ಮತ್ತು ಜಾನಿಕೌನ್ ಎಂಬ ಸಂಶೋಧಕರು ಹೀಗೇ ಮಾಡಿ ನೋಡಿದ್ದರು. ಚಿಕ್ಕ ಮಕ್ಕಳು ಕಾಣದ ಹಿಡಿಕೆ ಬರೆದರು, ಕಣ್ಣೆದುರಿನ ಹೂವು ಬಿಟ್ಟರು. ಹಿಡಿಕೆ ಇಲ್ಲದೆ ಅದು ಕಪ್ ಅಂತ ಗೊತ್ತಾಗೋದು ಹೇಗೆ, ಅಲ್ವಾ? ಎಂಟು ವರ್ಷದ ಹೊತ್ತಿಗೆ ಇದು ಬದಲಾಗುತ್ತದೆ.

ಅಲ್ಲಿಯವರೆಗೆ ತಿದ್ದಬೇಡಿ. ಕಾರವಾರದ ಮಗು ದೋಣಿ ಬರೆದು ಅದರ ಹೊಟ್ಟೆಯೊಳಗಿನ ಮೀನನ್ನೂ ತೋರಿಸಿದರೆ, ಹಲಗೆಯ ಒಳಗಿರುವುದು ಹೇಗೆ ಕಾಣ್ತದೆ ಅಂತ ಗದರದೆ, ಅದು ಬಂಗಡೆಯಾ ತಾರ್ಲೆಯಾ ಅಂತ ಕೇಳಿ.

ನಾಲ್ಕನೇ, ಐದನೇ ತರಗತಿಯಲ್ಲಿ ಕಷ್ಟ ಬೇರೆ. "ನಂಗೆ ಬರೂದಿಲ್ಲ ಅಕ್ಕೋರೆ" ಅಂತ ಮಗು ತಾನೇ ಹಾಳೆ ಮುಚ್ಚುತ್ತದೆ. ಈಗ ಕೈಗಿಂತ ಕಣ್ಣನ್ನು ಪಳಗಿಸಿ. ದೊಡ್ಡವರ ಚಿತ್ರ ಯಾಕೆ ತಪ್ಪುತ್ತದೆ ಅಂತ 1997ರಲ್ಲಿ ಕೋಹೆನ್ ಮತ್ತು ಬೆನೆಟ್ ಹುಡುಕಿದಾಗ, ಕೈಯ ಕೊರತೆಗಿಂತ ವಸ್ತುವನ್ನು ತಪ್ಪಾಗಿ ಕಾಣುವುದೇ ಮುಖ್ಯ ಕಾರಣ ಎಂಬ ತೀರ್ಮಾನಕ್ಕೆ ಬಂದರು. ನಮ್ಮಲ್ಲಿ ಸೂರ್ಯ ಮುಳುಗುವುದು ಕಡಲಲ್ಲಿ. ಆದರೂ ಸಂಜೆ ಬರೆಯಿರಿ ಅಂದರೆ ಬೋರ್ಡಿನ ಮೇಲೆ ನೋಡಿ ಕಲಿತ ಅದೇ ಎರಡು ಗುಡ್ಡ, ನಡುವೆ ಸೂರ್ಯ! ಒಂದು ಸಂಜೆ ಮಕ್ಕಳನ್ನು ಟಾಗೋರ್ ಬೀಚಿಗೆ ಕರೆದೊಯ್ಯಿರಿ. ದಡದಲ್ಲಿ ದೋಣಿಗಳಿದ್ದರೆ ಎರಡು ದೋಣಿಗಳ ನಡುವಿನ ಖಾಲಿ ಜಾಗ ಮಾತ್ರ ಬರೆಯಲು ಹೇಳಿ. ಆ ಆಕಾರಕ್ಕೆ ಹೆಸರಿಲ್ಲ, ಹಾಗಾಗಿ ಬಾಯಿಪಾಠದ ಚಿತ್ರ ಅಡ್ಡ ಬರುವುದಿಲ್ಲ, ನೋಡಲೇಬೇಕಾಗುತ್ತದೆ. ಹತ್ತು ನಿಮಿಷ ಸಾಕು.

ಇನ್ನು ಬಹುಮಾನ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಯಾಕೆಂದರೆ ಚೌತಿ ಬಂದರೆ ಊರೂರಲ್ಲಿ ಚಿತ್ರ ಸ್ಪರ್ಧೆ. ಲೆಪ್ಪರ್, ಗ್ರೀನ್, ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರ ಬರೆಯುವುದು ಮೊದಲೇ ಇಷ್ಟವಿದ್ದ ಮಕ್ಕಳಲ್ಲಿ ಕೆಲವರಿಗೆ "ಬರೆದರೆ ಸರ್ಟಿಫಿಕೇಟ್" ಎಂದು ಹೇಳಲಾಗಿತ್ತು. ಆಮೇಲೆ ಆಟದ ಹೊತ್ತಿನಲ್ಲಿ ಅವರು ಬರೆದ ಸಮಯ ಉಳಿದವರ ಅರ್ಧದಷ್ಟು. ಮೊದಲೇ ಹೇಳದೆ ಕೊನೆಗೆ ಸರ್ಟಿಫಿಕೇಟ್ ಪಡೆದ ಮಕ್ಕಳಲ್ಲಾಗಲಿ, ಏನೂ ಪಡೆಯದವರಲ್ಲಾಗಲಿ ಆಸೆ ಹೀಗೆ ಕುಗ್ಗಲಿಲ್ಲ. ಕೊಡಲೇಬೇಕು ಅನಿಸಿದರೆ ಚಿತ್ರ ಮುಗಿದ ಮೇಲೆ, ಸುಮ್ನೆ, ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಡಿ.